ಮೂಲಿಮನಿ ಕಾಕು ಮತ್ತು ಬಸ್ಸಿನ ಕಾರ್ಡು

ಮೊನ್ನೆ ಒಬ್ಬ ಹೆಣ್ಣುಮಗಳು ತನ್ನ ಬಸ್ಸಿನ ಕಾರ್ಡನ್ನು ಲ್ಯಾಮಿನೇಷನ್ ಮಾಡಿಸಲು ಅಂಗಡಿಗೆ ತಂದಿದ್ದಳು. ಅದು ಮೊದಲೇ ಪ್ಲಾಸ್ಟಿಕ್ಕಿನದು, ಮತ್ತೆ ಬಿಸಿಗೆ ಕೊಟ್ಟರೆ ಒಳಗಿನ ಚಿಪ್ಪು ಕೆಟ್ಟು ಬಸ್ಸಿನ ಮಷಿನ್ ಅದನ್ನು ಓದುವುದಿಲ್ಲ ಎಂದು ಹೇಳಿದೆ. ಆಕೆ ಕೇಳಲಿಲ್ಲ. ಎದುರಿನ ಅಂಗಡಿಯವನು ಮಾಡಿಕೊಡುತ್ತಾನೆ ಎಂದಳು. ಹಾಗಾದರೆ ಅಲ್ಲೇ ಹೋಗು ಎಂದೆ. ಆಗ ಯಾರದೋ ಅಂಕಪಟ್ಟಿಗೆಂದು ಲ್ಯಾಮಿನೇಷನ್ ಮಷಿನ್ ಕಾಯಲಿಟ್ಟಿದ್ದೆ, ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಅಂಗಡಿ ತುಂಬ ಇತ್ತು. ಕಟ್ಟೆಯ ಮೇಲಿಂದ ಆಕೆ ಕಾರ್ಡನ್ನು ಎತ್ತಿಕೊಳ್ಳುವಾಗ ಅದರ ಮೂಲೆಗೆ ಒಂದಿಷ್ಟು ಕುಂಕುಮ ಹಚ್ಚಿದ್ದು ಕಾಣಿಸಿತು. ಆ ಕುಂಕುಮ ನೋಡಿ ನನಗೆ ಮೂಲಿಮನಿ ಕಾಕು ನೆನಪಾದರು. ಅವರು ತೀರಿಕೊಂಡು ವರ್ಷದ ಮೇಲಾಯಿತು.

ನನ್ನದು ಮುದ್ದೇಬಿಹಾಳದಲ್ಲಿ, ಬಸ್ ಸ್ಟ್ಯಾಂಡಿನಿಂದ ನಮ್ಮ ಓಣಿಗೆ ತಿರುಗುವಲ್ಲಿ ಒಂದು ಝೆರಾಕ್ಸ್ ಅಂಗಡಿ. ಝೆರಾಕ್ಸ್ ಅನ್ನುವುದು ಹೆಸರಿಗೆ. ರೇಷನ್ ಕಾರ್ಡು, ಪಿಂಚಣಿ, ಪಹಣಿ, ಕಾಲೇಜಿನ ಪ್ರವೇಶ, ಹೀಗೆ ಕಂಪ್ಯೂಟರಿನಲ್ಲಿ ಅರ್ಜಿ ತುಂಬಿಕೊಡುವುದೇ ನಿಜವಾದ ಕೆಲಸ. ನಾನು ತುಂಬಿದ ಅರ್ಜಿ ತಪ್ಪಾಯಿತೆಂದು ವಾಪಸ್ ಬಂದದ್ದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ, ಆಗ ನನಗೆ ಆ ಜಂಬ ಇತ್ತು. ಓಣಿಯ ಪ್ರತಿ ಮನೆಯ ಮೊಬೈಲ್ ನಂಬರು ನನಗೆ ಬಾಯಿಪಾಠ. ಮನೆಯ ನಂಬರು ಎಂದರೆ ಮನೆಯ ಗಂಡಸಿನ ನಂಬರು. ಅರ್ಜಿ ಹೆಂಗಸಿನದಾದರೂ ಮೊಬೈಲ್ ಎಂದು ಕೇಳಿದಲ್ಲಿ ಗಂಡನದೋ ಮಗನದೋ ಹಾಕುವುದು. ಎಷ್ಟೋ ಹೆಂಗಸರ ಹತ್ತಿರ ಫೋನೇ ಇರುವುದಿಲ್ಲ, ಇದ್ದರೂ ಅದಕ್ಕೆ ಕರೆನ್ಸಿ ಇರುವುದಿಲ್ಲ. ಹೀಗಾಗಿ ಅದು ರೂಢಿ. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ, ಬೆರಳು ತಾನೇ ಒತ್ತಿಬಿಡುತ್ತದೆ.

ಕಾಕುವಿನ ಮನೆ ನಮ್ಮ ಓಣಿಯ ಕೊನೆಗೆ, ಮೂಲೆಯಲ್ಲಿ. ಚಿಕ್ಕಮ್ಮನಂಥವರನ್ನು ನಮ್ಮ ಕಡೆ ಕಾಕು ಎನ್ನುತ್ತೇವೆ, ಅದಕ್ಕೇ ಎಲ್ಲರಿಗೂ ಅವರು ಮೂಲಿಮನಿ ಕಾಕು. ಕುಳ್ಳಗಿನ ಹೆಣ್ಣುಮಗಳು, ನಡಿಗೆ ಚುರುಕು, ಮಾತು ಅದಕ್ಕಿಂತ ಚುರುಕು. ಬಿಸಿಲ ಹೊತ್ತಿನಲ್ಲಿ ಬಂದು ನನ್ನ ಕುರ್ಚಿಯಲ್ಲಿ ಕುಳಿತು, "ನಿನ್ನ ಫ್ಯಾನಿನ ಗಾಳಿ ಪುಕ್ಕಟೆ ಐತೆಲ್ಲ, ಸ್ವಲ್ಪ ಕುಂಡ್ರತೇನಿ" ಎನ್ನುತ್ತಿದ್ದರು. ಆಮೇಲೆ ಗಿರಾಕಿಗಳ ಅರ್ಜಿಯ ಫೋಟೋ ನೋಡಿ, ಇವನ ಮೋರೆಗೆ ಪಿಂಚಣಿ ಕೊಡುತ್ತಾರೇನು ಎಂದು ನನ್ನ ಕಿವಿಯಲ್ಲಿ ಹೇಳಿ ನಗಿಸುತ್ತಿದ್ದರು. ನನಗೆ ಅವರ ಮೇಲೆ ಬಹಳ ಪ್ರೀತಿ ಇತ್ತು. ಇದನ್ನು ಅವರೆದುರು ಎಂದೂ ಹೇಳಿದವಳಲ್ಲ.

ಕಾಕುವಿನ ಗಂಡ ತೀರಿಕೊಂಡಿದ್ದರು. ಮಗನದು ಬೀಜ-ಗೊಬ್ಬರದ ಅಂಗಡಿ. ಒಳ್ಳೆಯ ಮಗ ಎಂದೇ ಹೇಳಬೇಕು. ತಾಯಿಗೆ ದನಿ ಎತ್ತರಿಸಿ ಮಾತಾಡಿದ್ದನ್ನು ಓಣಿಯಲ್ಲಿ ಯಾರೂ ಕೇಳಿಲ್ಲ, ಬಿ.ಪಿ. ಗುಳಿಗೆ ಮುಗಿಯುವ ಮೊದಲೇ ತಂದಿಡುವವ. ಮಗಳು ಮಾತ್ರ ಆ ಮನೆಯಲ್ಲಿ ಇರಲಿಲ್ಲ. ಬೇರೆ ಜಾತಿಯ ಹುಡುಗನನ್ನು, ತಾಳಿಕೋಟೆಯಲ್ಲಿ ಟೇಲರ್ ಕೆಲಸ ಮಾಡುವವನನ್ನು ತಾನೇ ಇಷ್ಟಪಟ್ಟು ಮದುವೆಯಾಗಿ ಹೋಗಿದ್ದಳು. ಈ ಮನೆಯಲ್ಲಿ ಆಕೆಯ ಹೆಸರು ಎತ್ತಬಾರದು ಎಂದು ಅಪ್ಪ ಹೇಳಿದರು. ಹೇಳಿದ ಎರಡು ವರ್ಷಕ್ಕೆ ಅವರೇ ಹೋದರು. ಅವರ ಆ ಮಾತನ್ನು ಮಗ, ಅಪ್ಪ ಬಿಟ್ಟುಹೋದ ಹೊಲದ ಹಾಗೆ ಕಾಪಾಡಿಕೊಂಡು ಬಂದ.

ತಾಳಿಕೋಟೆ ಏನು ದೂರವೇ? ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುತ್ತದೆ. ಆದರೆ ಕಾಕು ಬಸ್ಸು ಹತ್ತಬೇಕೆಂದರೆ ಮಗನ ಮುಂದೆ ಕೈ ಒಡ್ಡಬೇಕಿತ್ತು, ಮಗ ಎಲ್ಲಿಗೆ ಎಂದು ಕೇಳುತ್ತಿದ್ದ. ಜಿಪುಣತನಕ್ಕಲ್ಲ, ಮಕ್ಕಳು ತಾಯಂದಿರನ್ನು ಕೇಳುವ ಹಾಗೆ ಕೇಳುತ್ತಿದ್ದ. ಹೀಗೇ ಐದಾರು ವರ್ಷ ಕಳೆಯಿತು. ಆಮೇಲೆ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಆಯಿತು. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಡುತ್ತಿದ್ದ. ಕಾಕುವಿಗೆ ಒಮ್ಮೆಲೇ ಭಕ್ತಿ ಹೆಚ್ಚಿತು. ಪ್ರತಿ ಸೋಮವಾರ ಬಾಗೇವಾಡಿಯ ಬಸವಣ್ಣನ ದರ್ಶನಕ್ಕೆ ಹೋಗತೊಡಗಿದರು. ಸಂಜೆ ಬರುವಾಗ ಕಲ್ಲುಸಕ್ಕರೆ ಪ್ರಸಾದ ತಂದು ಓಣಿಯ ಮನೆಮನೆಗೂ ಕೊಡುತ್ತಿದ್ದರು. ಮಗನಿಗೂ ಸೊಸೆಗೂ ಸಂತೋಷ. ನಾನೂ ಕಣ್ಣಿಗೆ ಒತ್ತಿಕೊಂಡು ತಿನ್ನುತ್ತಿದ್ದೆ.

ಒಂದು ಸೋಮವಾರ ನಾನು ಅಂಗಡಿ ಮುಚ್ಚಿ ತಾಳಿಕೋಟೆಗೆ, ನಮ್ಮ ಚಿಗವ್ವನ ಮನೆಗೆ ಹೋಗಿದ್ದೆ. ವಾಪಸ್ ಬರಲು ಬಸ್ ಸ್ಟ್ಯಾಂಡಿಗೆ ಬಂದರೆ ಕಲ್ಲಿನ ಬೆಂಚಿನ ಮೇಲೆ ಕಾಕು. ಪಕ್ಕದಲ್ಲಿ ಮಗಳು. ಇಬ್ಬರ ನಡುವೆ ಒಂದು ಡಬ್ಬಿ, ಅದರಿಂದ ಇಬ್ಬರೂ ತುತ್ತು ಮಾಡಿಕೊಂಡು ತಿನ್ನುತ್ತಿದ್ದರು. ಮಗಳು ಬಸುರಿ ಎಂದು ನೋಡಿದ ಕೂಡಲೇ ತಿಳಿಯುವಂತಿತ್ತು. ಕಾಕು ತಲೆ ಎತ್ತಿದರು, ನನ್ನನ್ನು ನೋಡಿದರು, ಬಾಯಲ್ಲಿದ್ದ ತುತ್ತು ನುಂಗಿದರು.

"ತಂಗಿ, ನೀ ನನ್ನ ನೋಡಿಲ್ಲ."

"ಇಲ್ರಿ ಕಾಕು. ನಾ ಯಾರ್ನೂ ನೋಡಿಲ್ಲ."

ಮಗಳು ಬಾಯಿಗೆ ಸೆರಗು ಹಿಡಿದು ನಕ್ಕುಬಿಟ್ಟಳು. ಕಾಕುವೂ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಓಣಿಯಲ್ಲಿ ಕಂಡಿರಲಿಲ್ಲ.

ಬರುವಾಗ ಒಂದೇ ಸೀಟಿನಲ್ಲಿ ಕುಳಿತು ಬಂದೆವು. ಕಲ್ಲುಸಕ್ಕರೆಯನ್ನು ಮುದ್ದೇಬಿಹಾಳ ಬಸ್ ಸ್ಟ್ಯಾಂಡಿನ ಎದುರಿನ ಕಿರಾಣಿ ಅಂಗಡಿಯಲ್ಲೇ ಕೊಳ್ಳುತ್ತಿದ್ದರಂತೆ. ಇಷ್ಟು ದಿನ ನಾನು ಕಣ್ಣಿಗೆ ಒತ್ತಿಕೊಂಡದ್ದು ಅದನ್ನೇ. "ಬಸವಣ್ಣಗ ಎಲ್ಲಾ ಗೊತ್ತೈತಿ ಬಿಡು" ಎಂದರು. ಆಮೇಲೆ ಕಿಟಕಿಯ ಹೊರಗೆ ನೋಡುತ್ತ, ತಗ್ಗಿದ ದನಿಯಲ್ಲಿ ಹೇಳಿದರು. "ಎಂಟ ವರ್ಷಕ್ಕ ಹೊಟ್ಟಿ ನಿಂತೈತಿ ಆಕಿಗೆ. ಹಡಿಯೋ ಮುಂದ ನಾ ಬಾಜೂಕ ಇರಬೇಕು ತಂಗಿ. ಮಾತು ಕೊಟ್ಟೇನಿ." ಆಗಿನ್ನೂ ಮೂರು ತಿಂಗಳು ಬಾಕಿ ಇತ್ತು. ಹೇಗೆ ಹೋಗುತ್ತೀರಿ, ಮನೆಯಲ್ಲಿ ಏನು ಹೇಳುತ್ತೀರಿ ಎಂದು ಕೇಳಿದೆ. ಬಸವಣ್ಣನ ಗುಡಿಯಲ್ಲಿ ಹತ್ತು ದಿನ ಸೇವೆ ಹರಕೆ ಹೊತ್ತಿದ್ದೇನೆ ಎನ್ನುವುದು, ಅದನ್ನೂ ಯೋಚಿಸಿ ಇಟ್ಟಿದ್ದರು. ಮುದ್ದೇಬಿಹಾಳ ಬರುವ ಮೊದಲು ಸೊಂಟದ ಚೀಲದಿಂದ ಆ ದಿನದ ಎರಡೂ ಟಿಕೆಟ್ ತೆಗೆದು, ಸಣ್ಣ ಚೂರು ಮಾಡಿ, ಕಿಟಕಿಯಿಂದ ಬಿಟ್ಟರು. ಪ್ರತಿ ಸಲವೂ ಹಾಗೇ ಮಾಡುತ್ತಿದ್ದರಂತೆ...

ಅಷ್ಟರಲ್ಲಿ ಹೆಣ್ಣುಮಕ್ಕಳ ಪುಕ್ಕಟೆ ಬಸ್ಸಿಗೆ ಹೊಸ ಕಾರ್ಡು ಬಂದವು. ಇಂಡಿ, ಸಿಂದಗಿ ಕಡೆ ಶುರುವಾಗಿದೆ, ಇನ್ನು ನಮ್ಮ ಕಡೆಯೂ ಬರುತ್ತದೆ ಎಂದು ಮಂದಿ ಮಾತಾಡುತ್ತಿದ್ದರು, ಬಂದೇ ಬಿಟ್ಟಿತು. ಆಧಾರ್ ತೋರಿಸುವುದು ಇನ್ನು ಸ್ವಲ್ಪ ದಿನ ಮಾತ್ರ, ಆಮೇಲೆ ಕಾರ್ಡನ್ನು ಮಷಿನ್ನಿಗೆ ಹಿಡಿಯಬೇಕು ಎಂದು ಕಂಡಕ್ಟರುಗಳು ಹೇಳುತ್ತಿದ್ದರು. ನನ್ನ ಅಂಗಡಿಯ ಮುಂದೆ ಹೆಂಗಸರ ಸಾಲು ರಸ್ತೆಯವರೆಗೆ ಹೋಗುತ್ತಿತ್ತು. ನಾನು ಊಟಕ್ಕೂ ಏಳದೆ ತುಂಬುತ್ತಿದ್ದೆ. ಒಂದು ಅರ್ಜಿಗೆ ಉಳಿದವರು ಅರ್ಧ ತಾಸು ಮಾಡಿದರೆ ನಾನು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆ. ಅದು ನನಗೆ ಆಗ ದೊಡ್ಡ ವಿಷಯವಾಗಿತ್ತು.

ಕಾಕು ಬಂದದ್ದು ಒಂದು ಶನಿವಾರ. ನಮ್ಮವರೇ ಎಂದು ಸಾಲು ಬಿಡಿಸಿ ಒಳಗೆ ಕರೆದು ಕೂಡಿಸಿದೆ. ಹೆಸರು, ಊರು, ಆಧಾರ್ ಎಲ್ಲ ತುಂಬಿದೆ. ಮೊಬೈಲ್ ನಂಬರು ಕೇಳಿದಲ್ಲಿ ಬೆರಳು ತಾನೇ ಮಗನ ನಂಬರು ಒತ್ತಿತು. ಓ.ಟಿ.ಪಿ. ಹೋಯಿತು. ನಾನೇ ಫೋನು ಮಾಡಿ, ಅಣ್ಣಾ, ಒಂದು ನಂಬರು ಬಂದಿರಬೇಕು ನೋಡಿ ಹೇಳು ಎಂದೆ. ಆತ ಹೇಳಿದ. "ಲಗೂ ಮಾಡಿಕೊಡ ತಂಗಿ. ಅವ್ವ ಸೋಮವಾರ ಬಸವಣ್ಣಗ ಹೋಗೋದು ತಪ್ಪಬಾರದು" ಎಂದೂ ಹೇಳಿದ. ಸ್ಪೀಕರ್ ಹಾಕಿದ್ದೆ, ಎದುರಿಗೆ ಕುಳಿತ ಕಾಕು ಕೇಳಿಸಿಕೊಂಡು ನನಗೆ ಕಣ್ಣು ಹೊಡೆದರು. ನಾನು ನಕ್ಕೆ. ಆ ನಂಬರಿಗೆ ಮುಂದೆ ಏನೆಲ್ಲ ಹೋಗಬಹುದು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಕಾಕುವಿಗೆ ಹೊಳೆಯಬೇಕಾಗಿರಲಿಲ್ಲ. ನನಗೆ ಹೊಳೆಯಬೇಕಿತ್ತು. ನನ್ನದೇ ನಂಬರು ಹಾಕಿದ್ದರೆ ಮುಗಿಯುತ್ತಿತ್ತು.

ಕಾರ್ಡು ಕೈಗೆ ಬಂದ ಮೇಲಿನ ಮೊದಲ ಸೋಮವಾರ ಸಂಜೆ, ಕಾಕು ಬಸ್ಸಿನಿಂದ ಇಳಿದವರು ನೇರ ಅಂಗಡಿಗೆ ಬಂದರು. ಖುಷಿಯಲ್ಲಿದ್ದರು. ಕಾರ್ಡಿಗೆ ಅರಿಶಿನ ಕುಂಕುಮ ಹಚ್ಚಿ, ದೇವರ ಜಗುಲಿಯ ಮೇಲೆ ಇಟ್ಟು ಪೂಜೆ ಮಾಡಿ ಒಯ್ದಿದ್ದರಂತೆ. "ಕಂಡಕ್ಟರ್ ಅಂದಾ, ಆಯಿ, ಕುಂಕುಮ ಒರಸ್ರಿ, ಮಷಿನ್‌ಗೆ ಕಣ್ಣ ಕಾಣವಲ್ದು ಅಂತ. ಒರಸಿ ಹಿಡದೆ, ಟಿಣ್ ಅಂತು" ಎಂದು ನಕ್ಕರು. ಟಿಕೆಟ್ ಹರಿದು ಎಸೆಯುವ ತಾಪತ್ರಯವೂ ತಪ್ಪಿತು ಎಂದರು. ಕಲ್ಲುಸಕ್ಕರೆ ಕೊಟ್ಟರು. ಏಳುವಾಗ, ಏನೋ ನೆನಪಾದವರಂತೆ, "ಮಗಳು ಇವತ್ತ ಸಿಟ್ಟ ಮಾಡಿದ್ಲು. ಕದ್ದು ಬರೋದಿದ್ರ ಬರಬ್ಯಾಡ ಅಂದ್ಲು. ಬಸುರಿ ಹೆಂಗಸು, ಹಂಗ ಅಂತಾವ. ಮುಂದಿನ ಸೋಮವಾರ ಹೋಳಿಗಿ ಒಯ್ದ್ರ ಸುಮ್ಮನಾಗ್ತಾಳ" ಎಂದರು. ಅವರ ಮುಖದಲ್ಲಿ ಎಳ್ಳಷ್ಟೂ ಬೇಸರ ಇರಲಿಲ್ಲ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಮರುದಿನ ಬೆಳಿಗ್ಗೆ ಮಗ ಬಂದ. ಅಂಗಡಿ ತೆರೆದು ಕಸ ಹೊಡೆಯುತ್ತಿದ್ದೆ. ಆತ ಸಿಟ್ಟಿನಿಂದ ಬಂದಿರಲಿಲ್ಲ. ಎಲ್ಲರೂ ನನ್ನ ಹತ್ತಿರ ಬರುವ ಹಾಗೆ, ಏನೋ ಕೆಟ್ಟಿದೆ, ಸರಿಮಾಡಿಕೊಡು ಎಂದು ಬಂದಿದ್ದ. ಫೋನು ತೆಗೆದು, ಹಿಂದಿನ ದಿನ ತಾಯಿ ಬಸ್ಸಿನಲ್ಲಿ ಕಾರ್ಡು ಹಿಡಿದಾಗಲೆಲ್ಲ ಬಂದ ಎರಡು ಮೆಸೇಜ್ ತೋರಿಸಿದ. ಕಾಕು ಎಲ್ಲಿ ಹತ್ತಿದರು, ಎಲ್ಲಿ ಇಳಿದರು, ಎಷ್ಟು ಹೊತ್ತಿಗೆ, ಎಲ್ಲ ಅದರಲ್ಲಿತ್ತು.

"ತಂಗಿ, ಈ ಕಾರ್ಡಿನೊಳಗ ಏನೋ ತಪ್ಪ ಆಗೇತಿ ನೋಡು. ಅವ್ವ ಬಾಗೇವಾಡಿಗೆ ಹೋಗಿದ್ಲು. ಇದ್ರಾಗ ತಾಳಿಕೋಟಿ ಅಂತ ಬಂದೈತಿ."

ಆತ ತಾಯಿಯನ್ನು ನಂಬಿದ್ದ. ಮಷಿನ್ನನ್ನು ನಂಬಿರಲಿಲ್ಲ. ಹೌದಣ್ಣಾ, ಕಾರ್ಡು ಹೊಸವಲ್ಲವೇ, ಹೀಗೇ ತಪ್ಪು ತೋರಿಸುತ್ತಿವೆ, ಸರಿಮಾಡಿಸುತ್ತೇನೆ ಎಂದಿದ್ದರೆ ಆತ ತಲೆಯಾಡಿಸಿ ಹೋಗುತ್ತಿದ್ದ. ನಂಬರು ಬದಲಿಸಲು ನನಗೆ ಐದು ನಿಮಿಷ ಸಾಕಿತ್ತು. ಆದರೆ ನನ್ನ ಕಿವಿಗೆ ಬಿದ್ದದ್ದು ತಪ್ಪು ಎನ್ನುವ ಒಂದು ಶಬ್ದ ಮಾತ್ರ.

"ನಾ ತುಂಬಿದ್ರಾಗ ತಪ್ಪ ಆಗಂಗಿಲ್ಲ ಅಣ್ಣಾ. ಎಲ್ಲಿ ಹತ್ತಿ ಎಲ್ಲಿ ಇಳದಾರೋ ಅದ ಬರತೈತಿ."

ಇದನ್ನು ಹೇಳಿದವಳು ನಾನು. ಯಾರೂ ಬಲವಂತ ಮಾಡಿರಲಿಲ್ಲ. ಹೇಳುವಾಗ ಕಸಬರಿಗೆ ಕೈಯಲ್ಲೇ ಇತ್ತು. ಆತ ಇನ್ನೊಮ್ಮೆ ಫೋನು ನೋಡಿದ, ಅಂಗಿಯ ಕಿಸೆಗೆ ಹಾಕಿಕೊಂಡ. ಮೆಟ್ಟಿಲು ಇಳಿದು ಹೋದ. ಆತ ಓಣಿಯ ಅರ್ಧಕ್ಕೆ ಹೋದ ಮೇಲೆ, ನಾನು ಏನು ಹೇಳಿಬಿಟ್ಟೆ ಎಂದು ನನಗೆ ಹೊಳೆಯಿತು. ಕೂಗಿ ಕರೆಯಬಹುದಿತ್ತು. ಕರೆಯಲಿಲ್ಲ. ಕರೆದು ಏನು ಹೇಳುವುದು ಎಂದು ಯೋಚಿಸುತ್ತ ನಿಂತಿದ್ದೆ, ಅಷ್ಟರಲ್ಲಿ ಒಬ್ಬರು ಪಹಣಿ ತೆಗೆಸಲು ಬಂದರು.

ಆ ಮನೆಯಲ್ಲಿ ಜಗಳ ಆಗಲಿಲ್ಲ. ಒಂದು ದನಿಯೂ ಹೊರಗೆ ಬರಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಮಗ ಬೈಕ್ ತೆಗೆದ, ತಾಯಿಯನ್ನು ಹಿಂದೆ ಕೂಡಿಸಿಕೊಂಡ, ಬಾಗೇವಾಡಿಗೆ ಹೋದ. ಅದರ ಮುಂದಿನ ಸೋಮವಾರವೂ ಹೋದ. ಅಂಗಡಿಯನ್ನು ಅರ್ಧ ದಿನ ಮುಚ್ಚಿ, ಬಿಸಿಲೆನ್ನದೆ ತಾಯಿಗೆ ದೇವರ ದರ್ಶನ ಮಾಡಿಸುತ್ತಾನೆ, ಇಂಥ ಮಗ ಯಾರಿಗೆ ಸಿಗುತ್ತಾನೆ ಎಂದು ಓಣಿಯ ಮಂದಿ ಹೊಗಳಿದರು. ನನ್ನ ಅಂಗಡಿಯ ಮುಂದಿನಿಂದಲೇ ಬೈಕ್ ಹೋಗುತ್ತಿತ್ತು. ಕಾಕು ಒಂದು ಕೈಯಲ್ಲಿ ಹಿಂದಿನ ಕಂಬಿ ಹಿಡಿದು, ಇನ್ನೊಂದರಲ್ಲಿ ಕಾಯಿ-ಹೂವಿನ ಚೀಲ ಹಿಡಿದು ಕುಳಿತಿರುತ್ತಿದ್ದರು. ನಾನು ಕಂಪ್ಯೂಟರಿನಿಂದ ತಲೆ ಎತ್ತುತ್ತಿರಲಿಲ್ಲ. ಸಪ್ಪಳ ದೂರ ಹೋದ ಮೇಲೆ ಎತ್ತುತ್ತಿದ್ದೆ.

ಮೂರನೆಯ ಸೋಮವಾರವೋ ನಾಲ್ಕನೆಯದೋ... ಸಂಜೆ ಕಾಕು ಒಬ್ಬರೇ ಅಂಗಡಿಗೆ ಬಂದರು. ಕುಳಿತುಕೊಳ್ಳಲಿಲ್ಲ. ಕಲ್ಲುಸಕ್ಕರೆ ಇದ್ದ ಅಂಗೈ ಮುಂದೆ ಮಾಡಿದರು.

"ತಗೋ ತಂಗಿ. ಈ ಸಲ ಖರೇನ ಬಾಗೇವಾಡೀದು."

ನಾನು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಅದೂ ಅಷ್ಟೇ ಸಿಹಿ ಇತ್ತು. ಫೋನು ಹಚ್ಚಿಕೊಡಲೇನು, ಮಗಳೊಡನೆ ಒಂದು ಮಾತು ಆಡುತ್ತೀರಾ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿದರು. "ಬಸವಣ್ಣನ ಮುಂದ ನಿಂದ್ರಿಸಿ ಆಣಿ ಮಾಡಿಸ್ಕೊಂಡಾನ. ನೋಡಂಗಿಲ್ಲ, ಮಾತಾಡಂಗಿಲ್ಲ ಅಂತ. ಆ ದೇವರ ಹೆಸರ ಮ್ಯಾಲ ಇಷ್ಟ ದಿನ ಸುಳ್ಳ ಹೇಳೇನಿ. ಇನ್ನ ಆಣಿನೂ ಮುರೀಲೇನು?" ಎಂದರು. ಹೊರಡುವಾಗ ತಿರುಗಿ ನಿಂತು, "ಇದನ್ನ ಆಕಿಗೆ ಹೇಳಬ್ಯಾಡ. ಅಣ್ಣನ ಮ್ಯಾಲ ಹಗೆ ಇಟ್ಕೊಂತಾಳ. ನಾ ಹೋದಮ್ಯಾಲ ಆಕಿಗೆ ತವರಮನಿ ಅಂದ್ರ ಅಂವ ಒಬ್ಬನ" ಎಂದರು. ಮಗನಿಗೆ ಆ ಮಾತು ಹೇಳಿದವಳು ನಾನು ಎಂದು ಅವರಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮಗಳು ಹೆತ್ತಳು. ತಾಳಿಕೋಟೆಯಿಂದ ನಮ್ಮ ಚಿಗವ್ವ ಫೋನಿನಲ್ಲಿ ಹೇಳಿದಳು. ಹೆಣ್ಣುಮಗು, ತಾಯಿ-ಮಗು ಇಬ್ಬರೂ ಆರಾಮ. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ಬಾಣಂತಿಯ ತಾಯಿಯೇ ಇವಳಿಗೂ ಬಿಸಿನೀರು ಕಾಯಿಸಿ ಕೊಟ್ಟಳಂತೆ. ಅದನ್ನು ಬಿಟ್ಟು ಉಳಿದದ್ದನ್ನು ಕಾಕುವಿಗೆ ಹೇಳಿದೆ. ಸುದ್ದಿ ಕೇಳುವುದಕ್ಕೆ ಆಣೆ ಇರಲಿಲ್ಲ. "ಛಲೋ ಆತು" ಎಂದರು. ಮಗು ಯಾರ ಹಾಗಿದೆ ಎಂದು ಕೇಳಬಹುದೆಂದು ಕಾದೆ. ಕೇಳಲಿಲ್ಲ. ಕೈಯಲ್ಲಿದ್ದ ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡು ಮನೆಗೆ ಹೋದರು.

ಮಗುವಿಗೆ ಆರು ತಿಂಗಳು ತುಂಬುವ ಮೊದಲೇ ಕಾಕು ತೀರಿಕೊಂಡರು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಓಣಿಯ ಹೆಂಗಸರೆಲ್ಲ ಅತ್ತರು. ನನಗೆ ಅಳು ಬರಲಿಲ್ಲ. ಬಂದವರಿಗೆ ಚಹಾ ಮಾಡಿ ಕೊಡುತ್ತ, ಕಪ್ಪು ತೊಳೆಯುತ್ತ ಇದ್ದೆ. ಸಂಜೆಯ ಹೊತ್ತಿಗೆ ಮಗಳು ಬಂದಳು. ಕಂಕುಳಲ್ಲಿ ಮಗು. ಓಣಿಯ ಅಂಚಿನಲ್ಲೇ ನಿಂತಳು, ಮುಂದೆ ಬರಲಿಲ್ಲ. ಎಲ್ಲರೂ ಅಣ್ಣನ ಮುಖ ನೋಡಿದರು. ಆತ ಎದ್ದು ಹೋಗಿ, ಮಗುವನ್ನು ತನ್ನ ಕೈಗೆ ತೆಗೆದುಕೊಂಡು, "ಬಾ" ಎಂದ. ಅಷ್ಟೇ. ಆಕೆ ಒಳಗೆ ಹೋದಳು. ಈಗ ಹಬ್ಬಕ್ಕೆ ಬರುತ್ತಾಳೆ, ಎರಡು ದಿನ ಇದ್ದು ಹೋಗುತ್ತಾಳೆ. ಕಾಕು ಬಯಸಿದ್ದ ತವರುಮನೆ ಆಕೆಗೆ ಸಿಕ್ಕಿದೆ. ಕಾಕು ಮಾತ್ರ ಅದರಲ್ಲಿ ಇಲ್ಲ.

ಹೋದ ಹಬ್ಬಕ್ಕೆ ಬಂದಾಗ ಆಕೆ ನನ್ನ ಅಂಗಡಿಗೆ ಬಂದಳು. ಮಗುವಿನ ಆಧಾರ್ ಮಾಡಿಸಲು ಏನೇನು ಕಾಗದ ಬೇಕು ಎಂದು ಕೇಳಿದಳು, ಹೇಳಿದೆ. ಹೋಗಲಿಲ್ಲ. ಮಗು ಕಟ್ಟೆಯ ಮೇಲಿನ ಸ್ಟೇಪ್ಲರ್ ಎಳೆಯುತ್ತಿತ್ತು, ಅದನ್ನು ಬಿಡಿಸಿಕೊಳ್ಳುತ್ತ, ನನ್ನ ಮುಖ ನೋಡದೆ ಕೇಳಿದಳು.

"ಅಕ್ಕಾರ, ಅವ್ವ ಕಡೀ ಸಲ ಬಂದಾಗ ನಾನ ಬರಬ್ಯಾಡ ಅಂದಿದ್ದೆ. ಬಾಯಿತಪ್ಪಿ ಅಂದಿದ್ದೆ. ಅದಕ್ಕ ಸಿಟ್ಟಾಗಿ ಬಿಟ್ಲೇನ್ರಿ? ನಿಮ್ಮ ಮುಂದ ಏನರ ಅಂದಿದ್ಲೇನ್ರಿ?"

ಅಂದಿದ್ದರು. ಏನೆಂದಿದ್ದರು ಎಂದು ಒಂದಕ್ಷರ ಬಿಡದೆ ನನಗೆ ನೆನಪಿದೆ. ಆದರೆ ಸಿಟ್ಟಾಗಿರಲಿಲ್ಲ ಎಂದರೆ, ಮತ್ತೆ ಯಾಕೆ ಬರಲಿಲ್ಲ ಎಂದು ಕೇಳುತ್ತಾಳೆ. ಅದಕ್ಕೆ ಉತ್ತರ ಕೊಟ್ಟರೆ ಅಣ್ಣನ ಹೆಸರು ಬರುತ್ತದೆ. ಅದಕ್ಕೂ ಮೊದಲು ನನ್ನ ಹೆಸರು ಬರುತ್ತದೆ. ಕಾಕು ಹೇಳಬೇಡ ಎಂದದ್ದು ಮಗನ ವಿಷಯ, ನನ್ನ ವಿಷಯವಲ್ಲ. ಇದು ನನಗೆ ಆ ಗಳಿಗೆಯಲ್ಲೂ ಚೆನ್ನಾಗಿ ಗೊತ್ತಿತ್ತು. ಆದರೂ ಕಾಕುವಿಗೆ ಕೊಟ್ಟ ಮಾತು ಎಂದು ನನಗೆ ನಾನೇ ಹೇಳಿಕೊಂಡೆ.

"ಗೊತ್ತಿಲ್ರಿ. ನನ್ನ ಮುಂದ ಏನೂ ಅಂದಿಲ್ಲ" ಎಂದೆ.

ಆಕೆ ತಲೆಯಾಡಿಸಿದಳು. ಮಗುವನ್ನು ಎತ್ತಿಕೊಂಡು ತಾಳಿಕೋಟೆಯ ಬಸ್ಸಿಗೆ ಹೊತ್ತಾಯಿತೆಂದು ಹೋದಳು. ನಾನು ಮುಂದಿನವರ ಅರ್ಜಿ ತುಂಬಲು ಕುಳಿತೆ, ಅದೂ ತಪ್ಪಾಗಲಿಲ್ಲ. ಆಕೆಯ ನಂಬರು ನನ್ನ ಹತ್ತಿರ ಇದೆ. ಫೋನು ಮಾಡಬೇಕೆಂದು ದಿನಕ್ಕೊಮ್ಮೆಯಾದರೂ ಅಂದುಕೊಳ್ಳುತ್ತೇನೆ... ಮಾಡಿಲ್ಲ. ತನ್ನ ಒಂದು ಮಾತಿಗೆ ತಾಯಿ ತನ್ನನ್ನು ಬಿಟ್ಟಳು ಎಂದೇ ಆಕೆ ಇವತ್ತಿಗೂ ತಿಳಿದಿದ್ದಾಳೆ.